ಹಲಗೆಯ ಮೇಲಿಲ್ಲದ ಕೊಕ್ಕೆ

ಜೂನ್ 3, ಮಂಗಳವಾರ

ಅಣ್ಣಾ,

ಈ ಪತ್ರವನ್ನು ಒಮ್ಮೆ ಬರೆದು ಮುಗಿಸಿ ಲಕೋಟೆಯನ್ನೂ ಅಂಟಿಸಿದ್ದೆ. ಮನೆ ಬದಲಿಸಿದ್ದು, ನನ್ನ ಮೊಣಕಾಲು, ಮೇಲಿನ ಮನೆಯವರ ನಲ್ಲಿ ಸೋರುವುದು, ಎಲ್ಲವೂ ಅದರಲ್ಲಿತ್ತು. ಹೇಳಬೇಕಾಗಿದ್ದ ಒಂದು ಮಾತು ಮಾತ್ರ ಇರಲಿಲ್ಲ. ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ದಾಖಲೆ ಕಚೇರಿಯಲ್ಲಿ ನನ್ನ ವಿಭಾಗ ಬದಲಾಗಿ ನಾಲ್ಕು ತಿಂಗಳಾಯಿತು. ಈಗ ನಾನಿರುವುದು ವಾಯುಪಡೆಯ ಅಪಘಾತ ಕಡತಗಳ ಕೋಣೆಯಲ್ಲಿ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಟಿವಿಯಲ್ಲಿ ವಿಮಾನ ಬಿದ್ದ ಸುದ್ದಿ ಬಂದರೆ ನೀನು ಎದ್ದು ಅಂಗಳಕ್ಕೆ ಹೋಗುವುದನ್ನು ನೋಡಿದ್ದೇನೆ. ಇಪ್ಪತ್ತೆಂಟು ವರ್ಷ ಯುದ್ಧವಿಮಾನಗಳನ್ನು ರಿಪೇರಿ ಮಾಡಿದವನಿಗೆ ಆ ಸುದ್ದಿ ಬೇರೆಯೇ ಇರುತ್ತದೆ ಎಂದುಕೊಂಡು ಸುಮ್ಮನಿದ್ದೆ. ಬಹುಶಃ ಅದು ನೆಪ.

ಕೋಣೆಗೆ ಒಂದೇ ಕಿಟಕಿ, ಅದೂ ಬೀರುವಿನ ಹಿಂದೆ. ನಮ್ಮವಲ್ಲದೆ ಬೇರೆ ಬೇರೆ ದೇಶಗಳು ಕಳಿಸಿದ ವರದಿಗಳ ಪ್ರತಿಗಳೂ ಇವೆ. ವೇಗ ತಿಳಿಸುವ ಕೊಳವೆಯೊಳಗೆ ಕಣಜ ಗೂಡು ಕಟ್ಟಿದ್ದು, ಮಂಜಿನಲ್ಲಿ ಗುಡ್ಡ ಕಾಣದೆ ಹೋದದ್ದು, ಹೆಲಿಕಾಪ್ಟರಿನ ರೆಕ್ಕೆಗೆ ವಿದ್ಯುತ್ ತಂತಿ ಸಿಕ್ಕಿದ್ದು. ಪುಟ ಎಣಿಸಿ, ನಕಲು ತೆಗೆದು, ಪಟ್ಟಿ ಮಾಡುವುದು ನನ್ನ ಕೆಲಸ. "ಓದೋದು ಬೇಡ ಮೇಡಂ, ಎಣಿಸಿದ್ರೆ ಸಾಕು" ಎನ್ನುತ್ತಾರೆ ನಮ್ಮ ಅಧಿಕಾರಿ. ಓದದೆ ಎಣಿಸುವುದು ನನಗೆ ಬರುವುದಿಲ್ಲ.

ಎಲ್ಲ ಕಡತಗಳಲ್ಲೂ ಒಂದು ಸಾಲು ಬರುತ್ತದೆ: "ಉಪಕರಣ ಹಲಗೆ ಪೂರ್ಣವಾಗಿತ್ತು." ಹಾಗೆಂದರೇನು? ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ?

ಇನ್ನೊಂದು, ಸುಮ್ಮನೆ ನೆನಪಾಯಿತು. ನಾನು ಶಾಲೆಯಲ್ಲಿದ್ದಾಗ ಸೈಕಲ್ ಚಕ್ರದ ಕಡ್ಡಿ ಬಗ್ಗಿಸಿ ಎರಡು ಕೊಕ್ಕೆ ಮಾಡಿದ್ದೆಯಲ್ಲ, ಪೈಜಾಮಕ್ಕೆ ಲಾಡಿ ಪೋಣಿಸಲು ನನಗೊಂದು, ನಿನಗೊಂದು. ನಿನ್ನದು ಈಗಲೂ ಇದೆಯೇ?

ನಿನ್ನ ತಂಗಿ


ಜೂನ್ 11

ಕಾನ್ವೆಂಟ್ ಮೇಡಮ್ಮನವರಿಗೆ ಕಿವುಡ ಅಣ್ಣನ ಆಶೀರ್ವಾದ.

ನೀನಾದ್ರೂ ಕಾಗದ ಬರೀತೀಯ. ಉಳಿದೋರೆಲ್ಲ ಫೋನ್ ಮಾಡ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅದು ಬಾರಿಸ್ತಾ ಇರತ್ತೆ, ನಾನು ತಲೆ ಆಡಿಸ್ತಾ ಇರ್ತೀನಿ. ಇಂಜಿನ್ ಪಕ್ಕ ನಿಂತು ನಿಂತು ಎಡಗಿವಿ ಪೂರ್ತಿ ಹೋಯ್ತು. ಬಲಗಿವಿ ನಿನ್ನ ಅತ್ತಿಗೆ ಬೈಗುಳಕ್ಕೆ ಮಾತ್ರ ಕೆಲಸ ಮಾಡತ್ತೆ.

ಹಲಗೆ ಕೇಳಿದೀಯ. ಶೆಡ್ಡಿನ ಗೋಡೆ ಮೇಲೆ ದೊಡ್ಡ ಹಲಗೆ. ಒಂದೊಂದು ಸ್ಪ್ಯಾನರ್‌ಗೂ, ಒಂದೊಂದು ಇಕ್ಕಳಕ್ಕೂ ಅದರದ್ದೇ ಆಕಾರದ ನೆರಳನ್ನ ಕಪ್ಪು ಬಣ್ಣದಲ್ಲಿ ಬರೆದಿರ್ತಾರೆ. ಸಂಜೆ ಎಲ್ಲಾ ನೆರಳೂ ಮುಚ್ಚಿರ್ಬೇಕು. ಒಂದೇ ಒಂದು ಬರಿದಾಗಿ ಕಂಡ್ರೂ, ಆ ಸಾಮಾನು ಯಾವುದೋ ವಿಮಾನದ ಹೊಟ್ಟೇಲಿದೆ ಅಂತ ಅರ್ಥ. ಸಿಗೋವರೆಗೂ ವಿಮಾನ ಮೇಲೇಳಲ್ಲ, ನಾವು ಮನೆಗೆ ಹೋಗಲ್ಲ. ಒಂದ್ಸಲ ಒಂದು ಬೆರಳುಗಾತ್ರದ ಸ್ಕ್ರೂಡ್ರೈವರ್‌ಗೆ ಹನ್ನೊಂದು ಜನ ಅಂಬೆಗಾಲಿಟ್ಟು ಹುಡುಕಿದ್ವಿ. ಸಿಕ್ಕಿದ್ದು ಶೆಡ್ ಮುಖ್ಯಸ್ಥರ ಜೇಬಲ್ಲೇ. ನಗೋ ಧೈರ್ಯ ಯಾರಿಗೂ ಬರಲಿಲ್ಲ.

ಆ ಚಾಳಿ ಬಿಡಲ್ಲ ನೋಡು. ಇಲ್ಲಿ ಅಡುಗೆಮನೆ ಗೋಡೆಗೂ ಹಲಗೆ ಹೊಡೆದು ಸೌಟು, ಚಾಕು, ಜರಡಿ ಎಲ್ಲಕ್ಕೂ ನೆರಳು ಬರೆದಿದೀನಿ. "ನಾನು ಸಂಸಾರ ಮಾಡ್ತಿದೀನೋ, ವಿಮಾನ ಹಾರಿಸ್ತಿದೀನೋ?" ಅಂತಾಳೆ ನಿನ್ನ ಅತ್ತಿಗೆ.

ಕೊಕ್ಕೆ ಕಳ್ಕೊಂಡ್ಯಾ? ಅದನ್ನ ಕೇಳೋಕೆ ಇಷ್ಟು ಸುತ್ತಿ ಬಳಸಿ ಬರಬೇಕಾ? ಹೊಸದು ಮಾಡಿ ಇದರ ಜೊತೆ ಇಟ್ಟಿದೀನಿ. ಹಿಡಿಗೆ ತಾಮ್ರದ ತಂತಿ ಏಳು ಸುತ್ತು, ಕೊನೇಲಿ ಮೀನಿನ ಬಾಲ, ಮೊದಲಿನ ಹಾಗೇ. ನಂದು ಎಲ್ಲೋ ಹೋಯ್ತು, ಬಿಡು.

ಅಣ್ಣ


ಜೂನ್ 16, ಸೋಮವಾರ

ಅಣ್ಣಾ,

ಕೊಕ್ಕೆ ತಲುಪಿತು. ಎಷ್ಟು ಚೆನ್ನಾಗಿ ಮಾಡಿದ್ದೀಯ! ಅರವತ್ತರಲ್ಲೂ ನಿನ್ನ ಕೈ ನಡುಗುವುದಿಲ್ಲ. ಆದರೆ ನನ್ನದು ಕಳೆದಿಲ್ಲ, ಹೊಲಿಗೆ ಡಬ್ಬಿಯಲ್ಲೇ ಇದೆ. ನಾನು ಕೇಳಿದ್ದು ನಿನ್ನದರ ಬಗ್ಗೆ.

ಹಲಗೆಯ ವಿಷಯ ಓದಿ ಖುಷಿಯಾಯಿತು. ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತು. ಹಲಗೆಯ ಮೇಲೆ ನೆರಳೇ ಇಲ್ಲದ ಸಾಮಾನನ್ನು ಯಾರಾದರೂ ಬಳಸಿದರೆ?

ನನ್ನ ಮೇಜಿನ ಮೇಲೆ ಒಂದು ಅರ್ಜಿ ಇದೆ. ಬರೆದವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವಳಿಗೆ ಎರಡು ವರ್ಷವಿದ್ದಾಗ ಅಪ್ಪನ ಯುದ್ಧವಿಮಾನ ನೆಲಬಿಟ್ಟ ಒಂದೇ ನಿಮಿಷದಲ್ಲಿ ಹೊಲಕ್ಕೆ ಬಿದ್ದಿತು. ಕಡತದ ನಕಲು ಬೇಕು ಎಂದು ಟೈಪು ಮಾಡಿಸಿ, ಕೆಳಗೆ ಕೈಬರಹದಲ್ಲಿ ಸೇರಿಸಿದ್ದಾಳೆ: "ಅಜ್ಜಿಗೆ ಎಂಬತ್ತನಾಲ್ಕು. ಮಗನದೇ ತಪ್ಪು ಅಂತ ಇಪ್ಪತ್ತೊಂಬತ್ತು ವರ್ಷದಿಂದ ಕೇಳಿಕೊಂಡು ಬಂದಿದ್ದಾರೆ. ಅಪ್ಪ ಕೊನೆಗೆ ಏನು ಹೇಳಿದರು ಅನ್ನೋದು ಕಡತದಲ್ಲಿದ್ದರೆ ಅವರಿಗೆ ಓದಿ ಹೇಳಬೇಕು. ಬೇಗ ಆದರೆ ಒಳ್ಳೆಯದು."

ಕಡತದಲ್ಲಿದೆ. ಅವರು ರೇಡಿಯೋದಲ್ಲಿ ಎರಡು ಸಲ ಹೇಳಿದ್ದಾರೆ: "ಸ್ಟಿಕ್ ಬಿಗಿಯಾಗಿದೆ. ಹಿಂದಕ್ಕೆ ಬರ್ತಿಲ್ಲ." ಸ್ಟಿಕ್ ಹಿಂದಕ್ಕೆಳೆದರೆ ತಾನೇ ವಿಮಾನ ಮೂತಿ ಎತ್ತುವುದು? ನಿನಗೆ ಗೊತ್ತಿರುವುದನ್ನು ನಿನಗೇ ಹೇಳುತ್ತಿದ್ದೇನೆ, ನಾನು ಕಲಿತದ್ದು ಮೊನ್ನೆ. ವಿಚಾರಣಾ ಮಂಡಳಿ ಆ ಮಾತನ್ನು ನಂಬಲಿಲ್ಲ. ಹಿಂದಿನ ಸಂಜೆ ಬಾಲದ ಭಾಗದಲ್ಲಿ ಕೆಲಸ ಆಗಿತ್ತು, ಹಲಗೆ ಪೂರ್ಣವಾಗಿತ್ತು, ಸಹಿಯೂ ಇತ್ತು. ಆದ್ದರಿಂದ ಯಂತ್ರದಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ, ಆದ್ದರಿಂದ ಪೈಲಟ್ ಮೂತಿ ಎತ್ತಲು ತಡಮಾಡಿದರು. ಎರಡು "ಆದ್ದರಿಂದ"ಗಳಲ್ಲಿ ಮುಗಿಯಿತು.

ಎಷ್ಟೋ ದೇಶಗಳ ಕಡತ ಓದಿ ನನಗೆ ಒಂದು ವಿಷಯ ಕಂಡಿದೆ. ಏನೂ ಗೊತ್ತಾಗದಿದ್ದಾಗ ತಪ್ಪು ಹೋಗಿ ಕೂರುವುದು ಸತ್ತವನ ಹೆಗಲ ಮೇಲೆ. ಸತ್ತವನನ್ನು ವಿಚಾರಣೆಗೆ ಕರೆಯಲಾಗುವುದಿಲ್ಲ.

ನಿನ್ನ ಕೊಕ್ಕೆ ಕಳೆದದ್ದು ಯಾವ ವರ್ಷ, ಅಣ್ಣಾ?

ನಿನ್ನ ತಂಗಿ


ಜೂನ್ 25

ಪುಟ್ಟೀ,

ವರ್ಷ ನೆನಪಿಲ್ಲ. ಕಿವಿ ಹಿಂದೆ ನೆನಪೂ ಹೊರಟಿದೆ. ಸೈಕಲ್ ಕಡ್ಡಿಗೆಲ್ಲ ತಾರೀಖು ಇಟ್ಕೊಳೋಕಾಗತ್ತಾ?

ಹಳೇ ಬೂದಿ ಕೆದಕಿದ್ರೆ ಕಣ್ಣಿಗೇ ಬೀಳೋದು. ನಿಮ್ಮ ಅಧಿಕಾರಿ ಸರಿಯಾಗೇ ಹೇಳಿದಾರೆ, ಪುಟ ಎಣಿಸು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು.

ಅಣ್ಣ

(ನಾನು ಅತ್ತಿಗೆ. ಅಂಚೆಗೆ ಹಾಕೋಕೆ ನನ್ನ ಕೈಗೆ ಕೊಟ್ರು, ಜಾಗ ಇತ್ತು ಅಂತ ಬರೀತಿದೀನಿ. ನಿನ್ನ ಕಾಗದ ಬಂದಾಗಿಂದ ಇವರು ಸರಿಯಾಗಿ ಉಣ್ತಿಲ್ಲ. ಏನು ಬರೆದಿದಾಳೆ ಅಂದ್ರೆ "ಮೊಣಕಾಲು ನೋವಂತೆ" ಅಂತಾರೆ. ತಂಗಿ ಮೊಣಕಾಲಿಗೆ ಅಣ್ಣ ಉಪವಾಸ ಇರೋದನ್ನ ನಾನೆಲ್ಲೂ ಕೇಳಿಲ್ಲಮ್ಮ. ಬೆಳಿಗ್ಗೆ ಎದ್ದು ಅಡುಗೆಮನೆ ಹಲಗೆ ಮುಂದೆ ನಿಲ್ತಾರೆ. ಅದರಲ್ಲಿ ಮೊದಲಿಂದಲೂ ಒಂದು ನೆರಳು ಖಾಲಿ ಇದೆ, ಉದ್ದಕ್ಕೆ ತೆಳ್ಳಗೆ, ತುದಿ ಬಾಗಿದೆ. ಇದೇನ್ರೀ, ನನ್ನ ಹತ್ರ ಇಂಥ ಸಾಮಾನೇ ಇಲ್ಲ ಅಂದ್ರೆ "ಅದು ಬರಬೇಕು" ಅಂತಾರೆ. ಹದಿನಾಲ್ಕು ವರ್ಷದಿಂದ ಬರ್ತಾನೇ ಇದೆ. ನಿನಗೇನಾದ್ರೂ ಗೊತ್ತಾ?)


ಜುಲೈ 3, ಗುರುವಾರ

ಅಣ್ಣಾ,

ನಾನು ನಿನ್ನನ್ನು ಪೊಲೀಸರ ಹಾಗೆ ಕೇಳಿದೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಕೇಳಿದ್ದು ತಪ್ಪು. ನೇರವಾಗಿ ಹೇಳುತ್ತೇನೆ.

ಆ ಕಡತದಲ್ಲಿ ಹೊಲದಲ್ಲಿ ಸಿಕ್ಕಿದ ವಸ್ತುಗಳ ಪಟ್ಟಿ ಇದೆ, ಒಂದೊಂದಕ್ಕೂ ಫೋಟೋ. ಅರವತ್ತಮೂರನೆಯದು: "ಬಾಗಿದ ತಂತಿ, ಹದಿನೇಳು ಸೆಂಟಿಮೀಟರ್. ಬಾಲದ ತುಂಡಿನ ಪಕ್ಕ. ಹೊಲದ ಬೇಲಿಯದಿರಬಹುದು." ಹಿಡಿಗೆ ತಾಮ್ರದ ತಂತಿ ಸುತ್ತಿದೆ. ಏಳು ಸುತ್ತು. ಕೊನೆಯಲ್ಲಿ ಮೀನಿನ ಬಾಲ. ಬೇಲಿಗೆ ಮೀನಿನ ಬಾಲ ಯಾರು ಮಾಡುತ್ತಾರೆ?

ಮರುದಿನ ಹೊಲಿಗೆ ಡಬ್ಬಿಯಿಂದ ನನ್ನ ಕೊಕ್ಕೆಯನ್ನು ಒಯ್ದು ಫೋಟೋದ ಮೇಲಿಟ್ಟೆ. ಅಳತೆಯ ಪಟ್ಟಿಯೂ ಫೋಟೋದಲ್ಲಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಿಂದಿನ ಸಂಜೆಯ ಹಲಗೆ ಪಟ್ಟಿಯ ಕೆಳಗಿದ್ದ ಸಹಿ ನಿನ್ನದು. ನನ್ನ ಶಾಲೆಯ ಪ್ರಗತಿಪತ್ರಗಳ ಮೇಲೆ ಅಪ್ಪನ ಬದಲು ನೀನು ಹಾಕುತ್ತಿದ್ದ ಅದೇ ಸಹಿ. ಇದು ಜೂನ್ 2ರಂದು. ಮರುದಿನವೇ ನಿನಗೆ ಮೊದಲ ಪತ್ರ ಬರೆದದ್ದು.

ಒಂದು ಸಾಲು ಕೂಡ ನೀನು ಸುಳ್ಳು ಬರೆದಿಲ್ಲ. ಹಲಗೆ ನಿಜವಾಗಿಯೂ ಪೂರ್ಣವಾಗಿತ್ತು. ಆ ಕೊಕ್ಕೆಗೆ ಅಲ್ಲಿ ನೆರಳೇ ಇರಲಿಲ್ಲ, ಅದಕ್ಕೇ ಯಾರೂ ಅದನ್ನು ಎಣಿಸಲಿಲ್ಲ.

ನೀನು ಯಾಕೆ ಬಾಯಿ ಮುಚ್ಚಿಕೊಂಡೆ ಎಂಬುದೂ ನನಗೆ ಅರ್ಥವಾಗುತ್ತದೆ. ನನಗಾಗ ಹದಿನೇಳು. ನೀನು ಊರಿನ ಸಾಮಾನ್ಯ ಶಾಲೆಯಲ್ಲಿ ಓದಿ, ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದವನು. ನಿನ್ನ ಕೆಲಸ ಹೋಗಿದ್ದರೆ ನನ್ನ ಕಾಲೇಜು ಅಲ್ಲಿಗೇ ನಿಲ್ಲುತ್ತಿತ್ತು. ನನಗೋಸ್ಕರ ಸುಮ್ಮನಾದೆ. ಹಾಗಾದರೆ ಈ ಮೌನದಲ್ಲಿ ನನ್ನದೂ ಪಾಲಿದೆ. ಒಂದು ವಾರದಿಂದ ಅದೊಂದೇ ಯೋಚನೆ. ಏನಾದರೂ ಹೇಳು.

ನಿನ್ನ ತಂಗಿ


ಜುಲೈ 15

ಅಣ್ಣಾ, ಹನ್ನೆರಡು ದಿನವಾಯಿತು. ಬೈದಾದರೂ ಬರಿ. ಮೈ ಹುಷಾರಿಲ್ಲವೇ? ಅತ್ತಿಗೆಗೆ ಫೋನ್ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ಅವರಿಗೆ ಎಷ್ಟು ಗೊತ್ತು ಎಂಬುದು ನನಗೆ ಗೊತ್ತಿಲ್ಲ.


ಜುಲೈ 24

ಪುಟ್ಟೀ,

ಮೈ ಹುಷಾರಾಗಿದೆ. ಕಾಗದ ನಾಲ್ಕು ಸಲ ಬರೆದೆ. ನಾಲ್ಕನ್ನೂ ಸುಟ್ಟೆ. ಇದು ಐದನೇದು.

ಮೊದಲು ಒಂದು ಮಾತು. ನನಗೋಸ್ಕರ ಸುಮ್ಮನಾದೆ ಅಂತ ಬರೆದಿದೀಯಲ್ಲ, ಆ ಹೊರೆ ಕೆಳಗಿಳಿಸು. ನಿನಗೋಸ್ಕರ ಅಲ್ಲ. ಹೆದರಿ. ನಿನ್ನ ಕಾಲೇಜು ಆವಾಗ ನನ್ನ ತಲೇಲಿ ಬಂದೇ ಇಲ್ಲ. ಆಮೇಲೆ, ತಿಂಗಳುಗಟ್ಟಲೆ ಆದ್ಮೇಲೆ, "ತಂಗಿ ಇದಾಳಲ್ಲ, ಓದಿಸಬೇಕಲ್ಲ" ಅಂತ ನನಗೆ ನಾನೇ ಹೇಳ್ಕೊಂಡೆ. ಹೆದರಿದೋನಿಗೆ ಒಂದು ಒಳ್ಳೇ ಕಾರಣ ಬೇಕಾಗತ್ತೆ. ನೀನು ಸಿಕ್ಕಿದೆ.

ಆ ಸಂಜೆ ಬಾಲದೊಳಗೆ ಒಂದು ತಂತಿ ಬಿಗಿಯೋದಿತ್ತು. ಶೆಡ್ಡಿನ ಇಕ್ಕಳ ಆ ಸಂದಿಗೆ ಹೋಗಲ್ಲ. ನನ್ನ ಕೊಕ್ಕೆ ಹೋಗತ್ತೆ. ಒಂದು ಗಂಟೆ ಕೆಲಸ ಹತ್ತು ನಿಮಿಷಕ್ಕೆ. "ನಿನ್ನ ಮಂತ್ರದಂಡ ತಗೊಂಡು ಬಾರೋ" ಅಂತ ಮುಖ್ಯಸ್ಥರೇ ಕೂಗೋರು. ಎಲ್ಲರಿಗೂ ಗೊತ್ತಿತ್ತು, ಆದ್ರೆ ಹಲಗೆಗೆ ಹಾಕ್ಸೋ ಹಾಗಿರಲಿಲ್ಲ. ಸ್ವಂತ ಸಾಮಾನು ತಂದ್ರೆ ಶಿಕ್ಷೆ ಅಂತ ಅದೇ ಗೋಡೆ ಮೇಲೆ ಬರೆದಿತ್ತು.

ಬೆಳಿಗ್ಗೆ ಶರ್ಟಿನ ಜೇಬು ಮುಟ್ಟಿ ನೋಡ್ಕೊಂಡೆ. ಇರಲಿಲ್ಲ. ವಿಮಾನ ಆಗ ಓಟದ ದಾರಿ ಕಡೆ ಹೊರಟಿತ್ತು. ಕೈ ಎತ್ತಿ ಕೂಗಿದ್ರೆ ನಿಲ್ತಿತ್ತು. ಹನ್ನೆರಡು ನಿಮಿಷ ಇತ್ತು ನನ್ನ ಕೈಲಿ, ಪುಟ್ಟೀ. ಊಟದ ಚೀಲದಲ್ಲಿರತ್ತೆ ಅಂದ್ಕೊಂಡೆ. ಚೀಲ ಕೊಡವಿದೆ, ಇಲ್ಲ. ಸೈಕಲ್ ಬುಟ್ಟಿ ನೋಡಿದೆ, ಮತ್ತೆ ಚೀಲ ಕೊಡವಿದೆ. ಮೂರನೇ ಸಲ ಚೀಲ ಕೊಡವೋವಾಗ ಸೈರನ್ ಕೂಗ್ತು. ಆಗ ನನ್ನ ಎರಡು ಕಿವಿಯೂ ಚೆನ್ನಾಗಿದ್ವು.

ಒಂದು ವಾರ ಬಿಟ್ಟು ಮುಖ್ಯಸ್ಥರಿಗೆ ಹೇಳಿದೆ. ಅವರು ಬಾಗಿಲು ಮುಚ್ಚಿ ಕೇಳಿದ್ರು, "ಅದು ಹಲಗೆ ಮೇಲಿದ್ಯೇನೋ?" ಇಲ್ಲ ಸಾರ್ ಅಂದೆ. "ಇಲ್ಲದ್ದು ಕಳೆದುಹೋಗೋದು ಹೇಗೋ? ಹೋಗು, ಕೆಲಸ ನೋಡು." ಹೋದೆ. ಕೆಲಸ ನೋಡಿದೆ. ಅವರೂ ತೀರ್ಕೊಂಡು ಎಂಟು ವರ್ಷ ಆಯ್ತು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನೀನು ಕೊಕ್ಕೆ ಅಂತ ಬರೆದ ಕೂಡ್ಲೇ ಕೂತು ಹೊಸದು ಮಾಡಿದೆ. ಮಾಡಿ ಕಳಿಸಿಬಿಟ್ರೆ ನೀನು ಮುಂದೆ ಕೇಳಲ್ಲ ಅಂತ.

ಬರೀಬೇಡ ಅನ್ನಲ್ಲ. ನಾನು ಹೋದ್ಮೇಲೆ ಬರಿ. ಆಮೇಲೆ ಹೆಸರು, ಊರು ಏನು ಬೇಕಾದ್ರೂ ಹಾಕು. ಆ ಕೊಕ್ಕೆಯಿಂದಲೇ ಬಿತ್ತು ಅಂತ ಈಗ ಯಾರು ಸಾಬೀತು ಮಾಡೋಕಾಗತ್ತೆ? ನಿನ್ನ ಅತ್ತಿಗೆಗೆ ಏನೂ ಗೊತ್ತಿಲ್ಲ. ಮೂವತ್ತೈದು ವರ್ಷ ಜೊತೇಲಿದ್ದೋಳು, ಅಡುಗೆಮನೆ ಹಲಗೇಲಿ ಆ ಕೊಕ್ಕೆಗೆ ಅಂತ ಬಿಟ್ಟಿರೋ ಖಾಲಿ ನೆರಳಿನ ಕೆಳಗೆ ದಿನಾ ಸೌಟು ತೂಗು ಹಾಕ್ತಾಳೆ. ಅವಳಿಗೆ ಯಾವ ಮುಖ ಇಟ್ಕೊಂಡು ಹೇಳಲಿ?

ಇಷ್ಟು ಹೊಟ್ಟೆಗೆ ಹಾಕ್ಕೊ.

ಅಣ್ಣ


ಜುಲೈ 30, ಬುಧವಾರ

ಅಣ್ಣಾ,

ನಿನ್ನ ಪತ್ರವನ್ನು ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿದೆ. "ನಿನಗೋಸ್ಕರ ಅಲ್ಲ" ಎಂಬ ಸಾಲು ಓದಿ ಮೊದಲು ಬಂದದ್ದು ನೆಮ್ಮದಿ, ಅದರ ಹಿಂದೆಯೇ ನಾಚಿಕೆ. ನಿನ್ನ ಹೆದರಿಕೆಯಲ್ಲೂ ನನ್ನನ್ನು ನಡುವೆ ಕೂರಿಸಿಕೊಂಡಿದ್ದೆ. ಓದಿದವರ ಚಾಳಿ ಇರಬೇಕು.

ಹನ್ನೆರಡು ನಿಮಿಷದ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನ್ನ ಮೊದಲ ಪತ್ರದಿಂದ ಒಂದು ತಿಂಗಳು ನಾನೂ ಚೀಲ ಕೊಡವಿದವಳೇ. ಹೊಸ ಮನೆ, ಮೊಣಕಾಲು, ಹಲಗೆ ಎಂದರೇನು.

ನೀನು ಹೋದಮೇಲೆ ಬರಿ ಎಂದಿದ್ದೀಯ. ಅದನ್ನು ಮಾಡಲು ನನ್ನಿಂದಾಗದು, ಅಣ್ಣಾ. ಅಜ್ಜಿಗೆ ಎಂಬತ್ತನಾಲ್ಕು ಎಂಬುದು ಒಂದು ಕಾರಣ. ಇನ್ನೊಂದು ನಿನ್ನದೇ. ನೀನು ಹೋದಮೇಲೆ ಬರೆದರೆ ನೀನೂ ಆ ಕಡತಗಳಲ್ಲಿರುವ ಸತ್ತವರ ಹಾಗೆ ಆಗುತ್ತೀಯ. ಯಾರೋ ಎರಡು "ಆದ್ದರಿಂದ" ಬರೆದು ನಿನ್ನನ್ನೂ ಮುಗಿಸುತ್ತಾರೆ. ಆ ಸಂದಿಗೆ ಇಕ್ಕಳ ಹೋಗುತ್ತಿರಲಿಲ್ಲ, ಕರೆದವರು ಮುಖ್ಯಸ್ಥರೇ, ನೀನು ಒಂದು ವಾರಕ್ಕೆ ಹೋಗಿ ಹೇಳಿದ್ದೆ, ಇವನ್ನೆಲ್ಲ ಆಗ ಯಾರು ಹೇಳುತ್ತಾರೆ? ಆ ಪೈಲಟ್ ವಿಚಾರಣೆಗೆ ಬರಲಾರರು. ನೀನು ಬರಬಲ್ಲೆ.

ಸೋಮವಾರ ಅಧಿಕಾರಿಗೆ ಹೇಳಿದೆ, ಈ ಸಹಿ ನನ್ನ ಅಣ್ಣನದು, ಈ ಕಡತದಿಂದ ನನ್ನನ್ನು ಬಿಡಿಸಿ ಎಂದು. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಮೇಡಂ, ನಿಮಗೆ ಓದಬೇಡಿ ಅಂದಿದ್ದೆ. ನಮ್ಮ ಕೆಲಸ ಪುಟ ಎಣಿಸೋದು, ಯಾರ ತಪ್ಪು ಎಷ್ಟು ಅಂತ ಎಣಿಸೋದಲ್ಲ" ಎಂದರು. ಆಮೇಲೆ ಬಾಗಿಲವರೆಗೂ ಬಂದು ಮೆಲ್ಲಗೆ ಹೇಳಿದರು, "ಕಡತದ ನಕಲು ಈ ವಾರ ನಾನೇ ಕಳಿಸ್ತೀನಿ. ಕಚೇರಿ ಟಿಪ್ಪಣಿ ಅಂತ ಏನೂ ಹೋಗಲ್ಲ. ನಿಮ್ಮ ಸ್ವಂತ ಕಾಗದಕ್ಕೆ ನಾನು ಅಡ್ಡ ಬರೋಕಾಗಲ್ಲ." ಕೆಲಸ ಹೋಗಲಿಕ್ಕಿಲ್ಲ. ಆ ಕೋಣೆಯಂತೂ ಹೋಗುತ್ತದೆ.

ಹಾಗಾಗಿ ನನ್ನ ಹೆಸರಿನಲ್ಲೇ ಬರೆದಿದ್ದೇನೆ, ಆ ಪೈಲಟ್‌ನ ಮಗಳಿಗೊಂದು, ವಾಯುಪಡೆಯ ವಿಚಾರಣಾ ವಿಭಾಗಕ್ಕೊಂದು. ನೀನು ಓದದೆ ಅದು ಹೋಗಬಾರದು. ಮುಖ್ಯ ಭಾಗ ಇಷ್ಟೇ:

"ಕಡತದ ಅರವತ್ತಮೂರನೆಯ ವಸ್ತು ಬೇಲಿಯ ತಂತಿಯಲ್ಲ. ಅದು ಶೆಡ್ಡಿನಲ್ಲಿ ಎಲ್ಲರಿಗೂ ತಿಳಿದು ಬಳಕೆಯಲ್ಲಿದ್ದ, ಹಲಗೆಯಲ್ಲಿ ಜಾಗವಿಲ್ಲದ ಒಂದು ಕೊಕ್ಕೆ. ಮಾಡಿದವರು ನನ್ನ ಅಣ್ಣ. ಅದರ ಜೋಡಿ ನನ್ನ ಬಳಿ ಇದೆ. ವಿಮಾನ ಇದರಿಂದಲೇ ಬಿತ್ತು ಎಂದು ನಾನು ಹೇಳಲಾರೆ. ಆದರೆ ಹಲಗೆ ಪೂರ್ಣವಾಗಿತ್ತು ಎಂಬ ಆಧಾರದ ಮೇಲೆ ಪೈಲಟ್ ತಡಮಾಡಿದರು ಎನ್ನುವುದು ನಿಲ್ಲುವುದಿಲ್ಲ. ಅವರು ಎರಡು ಸಲ ಹೇಳಿದ್ದರು."

ಹೆಚ್ಚಾಗಿದ್ದರೆ ಹೇಳು, ಕಡಿಮೆಯಾಗಿದ್ದರೂ ಹೇಳು. "ಮಾಡಿದವರು ನನ್ನ ಅಣ್ಣ" ಎಂಬ ಮೂರು ಪದಗಳನ್ನು ಹೊಡೆದುಹಾಕಿ ಮತ್ತೆ ಬರೆದೆ. ಮೂರು ಸಲ. ನೀನು ಕೇಳುವ ಮೊದಲೇ ಒಪ್ಪಿಕೊಳ್ಳುತ್ತಿದ್ದೇನೆ.

ಅತ್ತಿಗೆಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಕೇಳಿದ್ದೀಯ. ದಿನಾ ಬೆಳಿಗ್ಗೆ ಹಲಗೆಯ ಮುಂದೆ ನಿಲ್ಲುವ ಮುಖವನ್ನೇ ಇಟ್ಟುಕೊಂಡು ಹೇಳು. ಅವರು ಅದನ್ನು ಹದಿನಾಲ್ಕು ವರ್ಷದಿಂದ ನೋಡುತ್ತಿದ್ದಾರೆ. "ನಿನಗೇನಾದ್ರೂ ಗೊತ್ತಾ?" ಎಂದು ನನ್ನನ್ನು ಕೇಳಿದರು, ನಾನು ಉತ್ತರಿಸಿಲ್ಲ. ಆ ಉತ್ತರ ನಿನ್ನ ಬಾಯಿಂದ ಬರಬೇಕು, ನನ್ನ ಪತ್ರದಿಂದಲ್ಲ. ಬೈಯುತ್ತಾರೆ. ನಿನ್ನ ಬಲಗಿವಿ ಅದಕ್ಕಾಗಿ ತಾನೇ ಉಳಿದಿರುವುದು?

ನನ್ನ ಹಳೆಯ ಕೊಕ್ಕೆ ವಿಚಾರಣಾ ವಿಭಾಗದ ಲಕೋಟೆಯೊಳಗೆ ಹೋಗುತ್ತದೆ, ಅವರು ಅಳೆದು ನೋಡಲಿ. ನೀನು ಹೊಸದಾಗಿ ಮಾಡಿದ್ದು ಹೊಲಿಗೆ ಡಬ್ಬಿಯಲ್ಲಿರುತ್ತದೆ.

ಈ ಪತ್ರ ನಿನಗೆ ಶನಿವಾರ ಸಿಗುತ್ತದೆ. ನೀನು ನಿನ್ನ ಕೈಯಾರೆ ಬರೆದು, ಆ ಸಹಿ ಹಾಕಿ ಕಳಿಸಿದರೆ, ಎರಡು ಲಕೋಟೆಯಲ್ಲೂ ಮೇಲೆ ನಿನ್ನದು, ಕೆಳಗೆ ನನ್ನದು. ಬರದಿದ್ದರೆ ನನ್ನದೊಂದೇ. ಅಂಚೆಚೀಟಿ ಅಂಟಿಸಿಟ್ಟಿದ್ದೇನೆ, ಬಾಯಿ ಮಾತ್ರ ಅಂಟಿಸಿಲ್ಲ.

ಆಗಸ್ಟ್ ಹನ್ನೊಂದು, ಸೋಮವಾರ, ಬೆಳಗಿನ ಮೊದಲ ಅಂಚೆಗೆ.